ಬಿಡು, ಮ್ಯಾಲ ಹೋಗು

ಹೋದ ಚಳಿಗಾಲದಲ್ಲಿ ನಮ್ಮ ಮನೆಯೊಳಗೆ 43 ವಿಮಾನ ಕೆಟ್ಟು ಹೋದವು. ಕೆಲವು ನೆಲಕ್ಕೆ ಬಡಿದವು, ಕೆಲವು ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿದವು. ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಎಲ್ಲ ನಡೆದದ್ದು ಸೇಡಂನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಒಂದು ಮಾನಿಟರಿನ ಒಳಗೆ. ಲೆಕ್ಕ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ನಾನು ಸಾಫ್ಟ್‌ವೇರ್ ಟೆಸ್ಟರ್. ಏನು ಕೆಟ್ಟರೂ ಬರೆದಿಡುವುದು ನನ್ನ ಕೆಲಸ, ಈಗ ಚಟ ಕೂಡ.

"ಇವತ್ತರ ಇಳೀತದೇನು ನಿನ್ನ ಇಮಾನ?" ಅಂತ ಅವ್ವ ದಿನಾ ರಾತ್ರಿ ಊಟಕ್ಕೆ ಕರೆಯುವಾಗ ಕೇಳುತ್ತಿದ್ದಳು. ಇಳಿಯುತ್ತಿರಲಿಲ್ಲ. ರೊಟ್ಟಿ ಮಾತ್ರ ಆರುತ್ತಿತ್ತು.

ನನ್ನ ಕಂಪನಿ ಬೆಂಗಳೂರಿನಲ್ಲಿದೆ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವಳು ಮತ್ತೆ ವಾಪಸ್ ಹೋಗಲೇ ಇಲ್ಲ. ವಿಮಾನದ ಹುಚ್ಚು ಹತ್ತಿದ್ದು ಅದಕ್ಕೂ ಮೊದಲು. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತು. ಅದು ಇರುವುದು ನಮ್ಮ ಸೇಡಂ ರಸ್ತೆಯಲ್ಲೇ, ಶ್ರೀನಿವಾಸ ಸರಡಗಿಯ ಹತ್ತಿರ. ತೊಗರಿ ಹೊಲ ನೋಡಿ ಬೆಳೆದ ಕಣ್ಣಿಗೆ ಅಲ್ಲಿಂದ ವಿಮಾನ ಏಳುತ್ತದೆ ಅಂದರೆ ನಂಬಿಕೆ ಬರಲಿಲ್ಲ. ಮುಂದೆ ಬೋನಸ್ ಬಂದಾಗ ಒಂದು ಅಗ್ಗದ ಜಾಯ್‌ಸ್ಟಿಕ್ ತಗೊಂಡೆ. ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿದೆ. ಏರ್‌ಬಸ್ ಎ320 ಆರಿಸಿಕೊಂಡೆ. ಹಾರುವುದು ಬೇಗ ಬಂತು. ಕೈಯಿಂದ ಇಳಿಸುವುದೂ ಹಂಗೂ ಹಿಂಗೂ ಬಂತು. ಬರದೆ ಹೋದದ್ದು ಒಂದೇ: ವಿಮಾನ ತಾನಾಗಿ ಇಳಿಯುವ ಆಟೋಲ್ಯಾಂಡ್.

ವಿಚಿತ್ರ ಅನ್ನಿಸಬಹುದು. ತಾನಾಗಿ ಇಳಿಯುವುದಾದರೆ ನಾವು ಮಾಡುವುದೇನಿದೆ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ.

ನಾವು ಕುಳಿತು ಹೋಗುವ ವಿಮಾನಗಳನ್ನು ಹೆಚ್ಚಿನ ಸಲ ಪೈಲಟ್‌ಗಳು ಕೈಯಿಂದಲೇ ಇಳಿಸುತ್ತಾರೆ. ಆಟೋಲ್ಯಾಂಡ್ ಇರುವುದು ಮುಖ್ಯವಾಗಿ ಮಂಜಿಗೆ. ಲಂಡನ್ನಿನ ಮಂಜಿನ ಕಾಟಕ್ಕೆ ಬ್ರಿಟಿಷರು ವರ್ಷಗಟ್ಟಲೆ ಇದರ ಹಿಂದೆ ಬಿದ್ದು, ಕೊನೆಗೆ 1965ರ ಜೂನ್ 10ರಂದು ಹೀಥ್ರೂನಲ್ಲಿ ಪ್ರಯಾಣಿಕರಿದ್ದ ಟ್ರೈಡೆಂಟ್ ವಿಮಾನವನ್ನು ಸ್ವಯಂಚಾಲಿತವಾಗಿ ಇಳಿಸಿದರು. ನಮ್ಮ ಬೆಂಗಳೂರಿಗೂ ಚಳಿಗಾಲದ ಬೆಳಗಿನ ಮಂಜು ಗೊತ್ತಲ್ಲ? 2019ರಲ್ಲಿ ಶುರುವಾದ ಅಲ್ಲಿನ ದಕ್ಷಿಣ ರನ್‌ವೇಗೆ ಕ್ಯಾಟ್-3ಬಿ ಅನ್ನುವ ವ್ಯವಸ್ಥೆ ಇದೆ. ಕಣ್ಣಿಗೆ ರನ್‌ವೇ ಸರಿಯಾಗಿ ಕಾಣದಿದ್ದರೂ ಇಳಿಯುವ ವ್ಯವಸ್ಥೆ ಅದು.

ಕಣ್ಣಿಗೆ ಕಾಣದಿದ್ದರೂ ಅನ್ನುವ ಮಾತು ಬಂದಾಗ ಅಪ್ಪನ ಬಗ್ಗೆ ಹೇಳಲೇಬೇಕು.

ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಲೋಕೋ ಪೈಲಟ್ ಆಗಿದ್ದರು. ನಾನು ಹುಟ್ಟಿ ಬೆಳೆದದ್ದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಸಿಮೆಂಟು ಮತ್ತು ಕಲ್ಲಿದ್ದಲಿನ ವ್ಯಾಗನ್ನುಗಳ ಸಪ್ಪಳ ಕೇಳುತ್ತಾ. 2018ರಲ್ಲಿ ಅಪ್ಪ ಕಣ್ಣಿನ ಪರೀಕ್ಷೆಯಲ್ಲಿ ಅನ್‌ಫಿಟ್ ಆದರು. ಇಂಜಿನ್ನಿನಿಂದ ಇಳಿದು ಆಫೀಸಿನ ಕುರ್ಚಿಗೆ ಬಂದರು. ಆಮೇಲೆ ನಿವೃತ್ತಿ, ಸೇಡಂನಲ್ಲಿ ಸ್ವಂತ ಮನೆ. ನೆಲಕ್ಕೆ ಅವ್ವನ ತವರಾದ ಶಹಾಬಾದ್‌ನಿಂದ ತರಿಸಿದ ಫರ್ಸಿ ಕಲ್ಲು. ಎಲ್ಲ ಚೆಂದವೇ ಆಯಿತು, ಅಪ್ಪನ ಮಾತು ಮಾತ್ರ ಕಡಿಮೆಯಾಯಿತು. "ಕಣ್ಣ ಮ್ಯಾಲ ಹೆಸರಿಟ್ಟು ಇಳಿಸಿಬಿಟ್ರು" ಅಂತ ಅವ್ವ ನೆಂಟರ ಮುಂದೆ ಅನ್ನುತ್ತಿದ್ದಳು. ಅಪ್ಪ ಹೌದು ಅಂತಲೂ ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ.

ಅವರಿಗೆ ಉಳಿದಿದ್ದ ಒಂದೇ ಸುಖ ಬೈಕು. ವಾರಕ್ಕೆ ಎರಡು ಮೂರು ಸಲ ಸಂಜೆ ಚಿತ್ತಾಪುರದ ಮೇಲೆ ವಾಡಿಗೆ ಹೋಗಿ, ಸ್ಟೇಷನ್ ಹೊರಗಿನ ಚಹಾದಂಗಡಿಯಲ್ಲಿ ಹಳೇ ದೋಸ್ತರ ಜೊತೆ ಕೂತು ರಾತ್ರಿ ಬರುತ್ತಿದ್ದರು. ಕೆಲವೊಮ್ಮೆ ಅತ್ತೆಯ ಊರು ಚಿಂಚೋಳಿಗೆ. ನಮ್ಮ ಕಡೆ ರಾತ್ರಿ ರಸ್ತೆ ಹೇಗಿರುತ್ತದೆ ಗೊತ್ತಿರುವವರಿಗೆ ಗೊತ್ತು. ಸಿಮೆಂಟ್ ಲಾರಿ, ಕಲ್ಲಿನ ಲಾರಿ, ಎದುರಿಂದ ಕಣ್ಣಿಗೆ ಹೊಡೆಯುವ ಹೆಡ್‌ಲೈಟು. ಒಂದು ಸಲ ಮಡ್‌ಗಾರ್ಡ್ ನುಗ್ಗಾಗಿತ್ತು. ಇನ್ನೊಂದು ಸಲ ಮೊಣಕೈ ಸಿಪ್ಪೆ ಕಿತ್ತಿತ್ತು. "ನಾಯಿ ಅಡ್ಡ ಬಂತು" ಅಂದರು. ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯಲ್ಲಿ ಅಪ್ಪನ ಮಾತು ಕೇಳುವ ಪದ್ಧತಿ ಇದೆ, ಅಪ್ಪನಿಗೆ ಹೇಳುವ ಪದ್ಧತಿ ಇಲ್ಲ.

ಇರಲಿ, ನನ್ನ ವಿಮಾನಕ್ಕೆ ಬರುತ್ತೇನೆ.

ಮೊದಲ ಆರು ಪ್ರಯತ್ನ ಕಲಬುರಗಿಯಲ್ಲೇ ಮಾಡಿದೆ. ಊರ ಅಭಿಮಾನ ನೋಡಿ! ಬಟನ್ ಒತ್ತಿದರೂ ವಿಮಾನ ರನ್‌ವೇ ಮೇಲಿಂದ ನೆಟ್ಟಗೆ ಹೈದರಾಬಾದ್ ಕಡೆ ಹೋಗಿಬಿಡುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ವಿಮಾನ ತಾನಾಗಿ ಇಳಿಯಬೇಕಾದರೆ ನೆಲದಿಂದ ಯಾರಾದರೂ ದಾರಿ ತೋರಿಸಬೇಕು. ಆ ದಾರಿಗೆ ಐಎಲ್‌ಎಸ್ ಅನ್ನುತ್ತಾರೆ. ರನ್‌ವೇಯಿಂದ ಎರಡು ರೇಡಿಯೊ ಕಿರಣ ಹೊರಡುತ್ತವೆ. ಲೋಕಲೈಜರ್ ಎಡ-ಬಲ ಹೇಳುತ್ತದೆ, ಗ್ಲೈಡ್ ಸ್ಲೋಪ್ ಮೇಲೆ-ಕೆಳಗೆ ಹೇಳುತ್ತದೆ. ಒಂದೊಂದರಲ್ಲೂ ಎರಡು ದನಿ ಇರುತ್ತವೆ, 90 ಹರ್ಟ್ಸ್ ಮತ್ತು 150 ಹರ್ಟ್ಸ್. ಒಂದು ಜೋರಾದರೆ ನೀವು ಒಂದು ಕಡೆ ಸರಿದಿದ್ದೀರಿ, ಎರಡೂ ಸಮನಾದರೆ ನಡುವೆ ಇದ್ದೀರಿ. ಲೋಕಲೈಜರ್ ಕೆಲಸ ಮಾಡುವುದು 108ರಿಂದ 112 ಮೆಗಾಹರ್ಟ್ಸ್ ನಡುವೆ, ಅಂದರೆ ನಮ್ಮ ಎಫ್‌ಎಂ ರೇಡಿಯೊ ಮುಗಿಯುವ ಜಾಗದ ಪಕ್ಕದ ಓಣಿ. ನನ್ನ ಸಿಮ್ಯುಲೇಟರಿನ ಪಟ್ಟಿಯಲ್ಲಿ ಕಲಬುರಗಿಗೆ ಆ ಕಿರಣವೇ ಇರಲಿಲ್ಲ. ಇಲ್ಲದ ದಾರಿಯನ್ನು ವಿಮಾನ ಹಿಡಿಯುವುದು ಹೇಗೆ?

ಹಾಗಾಗಿ ಬೆಂಗಳೂರಿಗೆ ಹೋದೆ. ಅಲ್ಲಿ ಬೇರೆಯೇ ತಮಾಷೆ. ನಾನು ನೋಡಿ ಕಲಿತ ಪಾಠದಲ್ಲಿ 2000 ಅಡಿಗೆ ಇಳಿದು ಕಿರಣ ಹಿಡಿಯಿರಿ ಅಂತಿತ್ತು. ಹಾಗೇ ಮಾಡಿದೆ. ವಿಮಾನ ನೆಟ್ಟಗೆ ಹೊಲಕ್ಕೆ ಬಡಿಯಿತು. ಮತ್ತೆ ಮಾಡಿದೆ, ಮತ್ತೆ ಬಡಿಯಿತು. ನಾಲ್ಕನೇ ಸಲ ನೆಲದ ಎತ್ತರ ನೋಡಿದೆ. ಆ ಪಾಠ ಸಮುದ್ರದ ದಂಡೆಯ ಊರಿನದು. ಬೆಂಗಳೂರಿನ ರನ್‌ವೇ ಇರುವುದೇ ಸಮುದ್ರ ಮಟ್ಟಕ್ಕಿಂತ ಸುಮಾರು 3000 ಅಡಿ ಮೇಲೆ. ನಾನು ವಿಮಾನಕ್ಕೆ ನೆಲದೊಳಗೆ ಸಾವಿರ ಅಡಿ ಹೋಗು ಅಂತ ಹೇಳಿ, ಯಾಕೆ ಹೋದೆ ಅಂತ ಬೈಯುತ್ತಿದ್ದೆ.

ಲೆಕ್ಕ ಸುಲಭ. ಗ್ಲೈಡ್ ಸ್ಲೋಪ್ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರು. ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ಹತ್ತು ಮೈಲಿ ದೂರದಲ್ಲಿದ್ದರೆ ರನ್‌ವೇಗಿಂತ 3000 ಅಡಿ ಮೇಲಿರಬೇಕು, ಬೆಂಗಳೂರಿನಲ್ಲಿ ಅದು ಮೀಟರಿನಲ್ಲಿ 6000 ಅಂತ ಕಾಣಬೇಕು. ಇನ್ನೊಂದು ಮಾತು: ಈ ಇಳಿಜಾರನ್ನು ಯಾವಾಗಲೂ ಕೆಳಗಿನಿಂದ ಹಿಡಿಯಬೇಕು. ಮೇಲಿನಿಂದ ಅವಸರದಲ್ಲಿ ಹಾರಿ ಹಿಡಿಯಲು ಹೋದರೆ ವೇಗ ಹೆಚ್ಚಾಗುತ್ತದೆ. ನಿಜವಾದ ವಿಮಾನಗಳಿಗೆ ಮೇಲೆ ಸುಳ್ಳು ಕಿರಣ ಸಿಗುವ ಅಪಾಯವೂ ಇದೆ, ಅದರ ಇಳಿಜಾರು ತೀರಾ ಕಡಿದು.

ಇಷ್ಟಾಗುವಾಗ ನೋಟ್‌ಬುಕ್ಕಿನಲ್ಲಿ 20 ದಾಟಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಫೀಸಿನಲ್ಲಿ ಮಾಡುವ ಹಾಗೇ. ರೇಡಿಯೊ ಸರಿ ಮಾಡಿದೆ. ಎರಡೂ ಆಟೋಪೈಲಟ್ ಹಾಕಿದೆ, ಯಾಕೆಂದರೆ ಒಂದು ಕೈಕೊಟ್ಟರೆ ಇನ್ನೊಂದು ಬೇಕು. ಫ್ಲಾಪ್, ಚಕ್ರ, ವೇಗ ಎಲ್ಲ ಮೊದಲೇ ತಯಾರು. ಈಗ ವಿಮಾನ ಕಿರಣ ಹಿಡಿದು ಚೆಂದ ಇಳಿಯುತ್ತಿತ್ತು. ಸಾವಿರ ಅಡಿ, ಐನೂರು ಅಡಿ. 400 ಅಡಿಯಲ್ಲಿ ಪರದೆಯ ಮೇಲೆ 'ಲ್ಯಾಂಡ್' ಅಂತ ಹಸಿರು ಅಕ್ಷರ. ಆಮೇಲೆ 200 ಅಡಿಯ ಹತ್ತಿರ ಟಣ್ ಟಣ್ ಟಣ್ ಅಂತ ಎಚ್ಚರಿಕೆ, ಆಟೋಪೈಲಟ್ ಬಂದ್. ದಿನಾ ಅದೇ ಜಾಗ, ದಿನಾ ಅದೇ ಸದ್ದು.

ಆ ಸದ್ದಿಗೇ ಅಪ್ಪ ಒಳಗೆ ಬಂದದ್ದು. "ಮತ್ತ ಬಿತ್ತಾ?" ಅಂದರು. ಹೂಂ ಅಂದೆ. ಹಿಂದೆ ಮಂಚದ ಮೇಲೆ ಕೂತರು. "ಇದರಾಗ ಸಿಗ್ನಲ್ ಎಲ್ಲ್ಯದ?" ಅಂತ ಕೇಳಿದರು. ಎರಡು ವರ್ಷದಲ್ಲಿ ಅಪ್ಪ ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಕಿರಣ, ಇಳಿಜಾರು, ಎಲ್ಲ ಹೇಳಿದೆ. ನೆಲ ಹತ್ತಿರ ಬಂದ ಮೇಲೆ ರೇಡಿಯೊ ಆಲ್ಟಿಮೀಟರ್ ಅನ್ನುವುದು ನೆಲಕ್ಕೆ ತರಂಗ ಬಿಟ್ಟು ಎತ್ತರ ಅಳೆಯುತ್ತದೆ, 40 ಅಡಿಯ ಸುಮಾರಿಗೆ ಮೂಗು ಎತ್ತುವುದು ಅದರ ಮಾತು ಕೇಳಿಯೇ ಅಂದೆ.

"ಆ ಮೀಟರೇ ಸುಳ್ಳು ಹೇಳಿದ್ರ?"

ಆಗಿದೆ, ಅಂದೆ. 2009ರ ಫೆಬ್ರುವರಿ 25ರಂದು ಟರ್ಕಿಶ್ ಏರ್‌ಲೈನ್ಸಿನ ಬೋಯಿಂಗ್ 737 ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿಯುತ್ತಿತ್ತು. ಎಡಗಡೆಯ ರೇಡಿಯೊ ಆಲ್ಟಿಮೀಟರ್ ಕೆಟ್ಟು ಎತ್ತರ ಮೈನಸ್ 8 ಅಡಿ ಅಂತ ತೋರಿಸಿತು. ಸ್ವಯಂಚಾಲಿತ ಥ್ರಾಟಲ್ ಅದನ್ನು ನಂಬಿ, ನೆಲ ಬಂತು ಅಂತ ಇಂಜಿನ್ ಶಕ್ತಿ ಇಳಿಸಿಬಿಟ್ಟಿತು. ವಿಮಾನ ಇನ್ನೂ ಗಾಳಿಯಲ್ಲೇ ಇತ್ತು. ವೇಗ ಇಳಿಯುತ್ತಿರುವುದು ಪೈಲಟ್‌ಗಳ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. 9 ಜನ ಸತ್ತರು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಲ್ಲಿ ಹಂಗಿಲ್ಲ. ಸಿಗ್ನಲ್ ಕೆಟ್ರ ಕೆಂಪು. ಲೈಟೇ ಇಲ್ಲಂದ್ರೂ ಕೆಂಪಂತನೇ ತಿಳ್ಕೋಬೇಕು" ಅಂದರು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಈಗ ಎಲ್ಲರೂ ಕವಚ್ ಕವಚ್ ಅಂತಾರಲ್ಲ, ಡ್ರೈವರ್ ಕೆಂಪು ಸಿಗ್ನಲ್ ಕಡೆ ನಡೆದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ, ಅದರ ಟ್ರಯಲ್ ಮೊದಲು ನಡೆದದ್ದು ನಮ್ಮ ಲೈನಿನಲ್ಲೇ. ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ನಡುವೆ 250 ಕಿಲೋಮೀಟರ್. ವಾಡಿ, ಚಿತ್ತಾಪುರ, ಸೇಡಂ ಎಲ್ಲ ಅದರೊಳಗೇ ಬರುತ್ತವೆ. 2016ರ ಫೆಬ್ರುವರಿಯಲ್ಲಿ ಪ್ಯಾಸೆಂಜರ್ ಗಾಡಿಯ ಮೇಲೆ ಪರೀಕ್ಷೆ ಮಾಡಿದಾಗ ಅದಕ್ಕೆ ಟಿಕಾಸ್ ಅನ್ನುತ್ತಿದ್ದರು. ವಿಮಾನದಲ್ಲೂ ಟಿಕಾಸ್ ಇದೆ, ಅದು ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗದಂತೆ ಕಾಯುವುದು ಅಂದೆ. ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ.

ಅವತ್ತಿನಿಂದ ನೋಟ್‌ಬುಕ್ ಅಪ್ಪನ ಕೈಗೆ ಹೋಯಿತು. ದಪ್ಪ ಅಕ್ಷರದಲ್ಲಿ ಸಮಯ, ಎತ್ತರ, ವೇಗ.

200 ಅಡಿಯ ರೋಗಕ್ಕೆ ನನ್ನ ಮೊದಲ ಅನುಮಾನ ಜಾಯ್‌ಸ್ಟಿಕ್ ಮೇಲೆ ಬಿತ್ತು. ಏರ್‌ಬಸ್‌ನಲ್ಲಿ ಪೈಲಟ್ ಕೋಲನ್ನು ಜೋರಾಗಿ ಅಲ್ಲಾಡಿಸಿದರೆ, ಇವರೇ ನಡೆಸುತ್ತಾರೆ ಅಂತ ಆಟೋಪೈಲಟ್ ಬಿಟ್ಟುಕೊಡುತ್ತದೆ. ಸೆಟ್ಟಿಂಗ್ಸ್ ತೆರೆದು ನೋಡಿದರೆ ನಾನು ಮುಟ್ಟದಿದ್ದರೂ ಕೋಲಿನ ಗೆರೆ ನಡುಗುತ್ತಿತ್ತು. ಬಿಚ್ಚಿದೆವು. ಒಳಗೆ ಬೂದಿ ಬಣ್ಣದ ದೂಳು! ಕಲ್ಲು, ಸಿಮೆಂಟಿನ ಸೀಮೆಯಲ್ಲಿ ಇದ್ದು ದೂಳಿಲ್ಲದೆ ಇರುವುದು ಹೇಗೆ? ಅಪ್ಪ ಬ್ರಶ್ಶಿನಿಂದ ತೆಗೆದರು, ಬಜಾರಿನಿಂದ ಕಾಂಟ್ಯಾಕ್ಟ್ ಕ್ಲೀನರ್ ತಂದು ಹೊಡೆದರು. ನಾನು ಡೆಡ್ ಝೋನ್ ಸ್ವಲ್ಪ ಹೆಚ್ಚಿಸಿದೆ, ಅಂದರೆ ನಡುವಿನ ಸಣ್ಣ ನಡುಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳುವುದು. ಗೆರೆ ನಿಂತಿತು. ವಿಮಾನ ಹಾರಿಸಿದೆ. 200 ಅಡಿಗೆ ಟಣ್ ಟಣ್ ಟಣ್.

ಅಳು ಬಂತು. ಅಪ್ಪ ನೋಟ್‌ಬುಕ್ ಮುಚ್ಚಿ, "ಇನ್ನೊಮ್ಮೆ ಮಾಡು. ನಾ ಇಮಾನ ನೋಡಂಗಿಲ್ಲ" ಅಂದರು. ಮಾಡಿದೆ. ಟಣ್ ಟಣ್.

"ನಿನ್ನ ಕೈ ನೋಡ್ದೆ. ಇನ್ನೂರು ಅಂದಕೂಡ್ಲೇ ನೀನೇ ಹಿಡ್ಕೋತಿ."

ನಾನು ಇಲ್ಲ ಅಂದೆ. ಮುಂದಿನ ಸಲ ಅಪ್ಪ ಫೋನಿನಲ್ಲಿ ವಿಡಿಯೊ ಮಾಡಿದರು. ಹೌದು. ಮಾನಿಟರಿನಲ್ಲಿ ನೆಲ ದೊಡ್ಡದಾಗುತ್ತಿದ್ದ ಹಾಗೇ ನನ್ನ ಬಲಗೈ ತೊಡೆ ಮೇಲಿಂದ ಎದ್ದು, ಕೋಲು ಹಿಡಿದು, ಒಂದು ಚೂರು ಹಿಂದಕ್ಕೆ ಎಳೆಯುತ್ತಿತ್ತು. ನನಗೆ ಗೊತ್ತೇ ಇಲ್ಲ! ಹತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕುವವಳು ನನ್ನದೇ ಕೈಯನ್ನು ನೋಡಿರಲಿಲ್ಲ. ಕಣ್ಣು ಮಂಜಾದವರು ನೋಡಿದರು.

ಕೈ ಕಟ್ಟಿಕೊಂಡು ಕೂರುವುದು ಕಲಿತೆ. ಅಷ್ಟಾದರೂ ಮಂಜು ಹಾಕಿ, ಅಡ್ಡಗಾಳಿ ಹಾಕಿ ಪರೀಕ್ಷೆ ಮಾಡುವಾಗ ಎಡವುತ್ತಿದ್ದೆ. ಜನವರಿಯ ಒಂದು ರಾತ್ರಿ, 43ನೇ ಪ್ರಯತ್ನ. ಕಿರಣ ಹಿಡಿಯುವುದು ತಡವಾಯಿತು. ವೇಗ 140 ನಾಟ್ ಸುಮಾರು ಇರಬೇಕಾದದ್ದು 170 ಇತ್ತು. ವಿಮಾನ ನಡುಗೆರೆಯ ಎಡಕ್ಕೂ ಬಲಕ್ಕೂ ತೂಗಾಡುತ್ತಿತ್ತು. ಸಾವಿರ ಅಡಿ ಬಂತು. ಸರಿಹೋಗುತ್ತದೆ, ಅಂದುಕೊಂಡೆ. ಐನೂರು.

"ಬಿಡು, ಮ್ಯಾಲ ಹೋಗು" ಅಂದರು ಅಪ್ಪ.

"ಒಂದ್ ನಿಮಿಷ ಅಪ್ಪಾ, ಸರಿ ಆಗ್ತದ."

"ಮ್ಯಾಲ ಹೋಗು ಅಂದೆ."

"ಇಷ್ಟು ಹತ್ತಿರ ಬಂದೀನಿ!"

ರನ್‌ವೇ ಬಿಟ್ಟು ಹುಲ್ಲಿಗೆ ಬಿತ್ತು. ನಾನು ನಕ್ಕೆ. ಅಪ್ಪ ನಗಲಿಲ್ಲ. ಎದ್ದು ಹೊರಗೆ ಹೋದರು.

ಪೈಲಟ್‌ಗಳ ಭಾಷೆಯಲ್ಲಿ ಇದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಇಳಿಯುವುದನ್ನು ಬಿಟ್ಟು, ಪೂರ್ತಿ ಶಕ್ತಿ ಕೊಟ್ಟು ಮೇಲೆ ಹೋಗಿ, ಸುತ್ತು ಹೊಡೆದು ಮತ್ತೆ ಬರುವುದು. ಮಂಜು ಮೋಡ ಇದ್ದಾಗ ಸಾಮಾನ್ಯವಾಗಿ ಸಾವಿರ ಅಡಿಯೊಳಗೆ ದಾರಿ, ವೇಗ, ಫ್ಲಾಪ್ ಎಲ್ಲ ಸ್ಥಿರವಾಗಿರಬೇಕು. ಇಲ್ಲವಾದರೆ ವಾದ ಬೇಡ, ಮೇಲೆ ಹೋಗಬೇಕು. ಇದು ಸೋಲಲ್ಲ, ದಿನನಿತ್ಯದ ಕೆಲಸ. ಇದನ್ನು ನಾನು ಓದಿದ್ದೆ. ಮಂಗಳೂರಿನದನ್ನೂ ಓದಿದ್ದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ವಿಮಾನ ಇಳಿಯುವಾಗ ಎತ್ತರವೂ ಹೆಚ್ಚಿತ್ತು, ವೇಗವೂ ಹೆಚ್ಚಿತ್ತು. ಗೋ ಅರೌಂಡ್ ಮಾಡೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು ಅನ್ನುತ್ತದೆ ತನಿಖಾ ವರದಿ. ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದ್ದರು.

ಓದಿದ್ದು ಬೇರೆ, ಹಿಂದಿನಿಂದ ಅಪ್ಪ ಕರೆದಾಗ ಕೇಳುವುದು ಬೇರೆ.

ಹೊರಗೆ ಕಟ್ಟೆಯ ಮೇಲೆ ಹೋಗಿ ಪಕ್ಕದಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಅಪ್ಪ ಹೇಳಿದರು. 2018ರ ಮಳೆಗಾಲ. ಚಿತ್ತಾಪುರ ದಾಟಿ ವಾಡಿ ಕಡೆ ಬರುತ್ತಿದ್ದ ಗೂಡ್ಸ್. ಇಂಜಿನ್ನಿನಲ್ಲಿ ಇಬ್ಬರು ಇರುತ್ತಾರೆ, ಲೋಕೋ ಪೈಲಟ್ ಮತ್ತು ಅಸಿಸ್ಟೆಂಟ್. ಸಿಗ್ನಲ್ ಕಂಡ ತಕ್ಷಣ ಇಬ್ಬರೂ ಬಾಯಿಬಿಟ್ಟು ಬಣ್ಣ ಹೇಳಬೇಕು. ಅಪ್ಪ ಹಸಿರು ಅಂದರು. ಇಪ್ಪತ್ತೈದು ವರ್ಷದ ಅಸಿಸ್ಟೆಂಟ್ ಹುಡುಗ ಹಳದಿ ಅಂದ. ಹಳದಿ ಅಂದರೆ ಮುಂದಿನ ಸಿಗ್ನಲ್ಲಿಗೆ ನಿಲ್ಲಲು ತಯಾರಾಗು ಅಂತ.

"ನನಗ ಸಿಟ್ಟು ಬಂತು. ಮೂವತ್ತು ವರ್ಷ ಆಗ್ಯದ ನಾ ಗಾಡಿ ಹೊಡ್ಯಾಕತ್ತು, ಇವ ನಿನ್ನೆ ಬಂದಾನ. ಆದ್ರೂ ಅವ ಮತ್ತೊಮ್ಮೆ ಹಳದಿ ಸರ್ ಅಂದ. ಬ್ರೇಕ್ ಹಾಕಿದೆ. ಮುಂದಿನದು ಕೆಂಪಿತ್ತು."

ಅಪ್ಪ ಫರ್ಸಿ ಮೇಲೆ ಬೆರಳಿನಿಂದ ಏನೋ ಗೆರೆ ಎಳೆದರು.

"ಮರುದಿನ ನಾನೇ ಡಾಕ್ಟರ್ ಕಡೆ ಹೋದೆ. ಯಾರೂ ಕಳಿಸಿಲ್ಲ. ನನ್ನ ಕಣ್ಣು ಪರೀಕ್ಷೆ ಮಾಡ್ರಿ ಅಂದೆ."

ಏಳು ವರ್ಷ ನಾವು ಅಪ್ಪನನ್ನು ಯಾರೋ ಇಳಿಸಿದರು ಅಂದುಕೊಂಡಿದ್ದೆವು. ಅವರೇ ಇಳಿದಿದ್ದರು. ಅವ್ವ ನೆಂಟರ ಮುಂದೆ ಬೇರೆ ಹೇಳಿದಾಗಲೂ ಸುಮ್ಮನಿದ್ದರು. ಯಾಕೆ ಹೇಳಲಿಲ್ಲ ಅಂದರೆ, "ಹೇಳೋದೇನದ ಅದರಾಗ" ಅಂದರು.

ಮರುದಿನ 44ನೇ ಪ್ರಯತ್ನ. ಬೆಂಗಳೂರು, ದಟ್ಟ ಮಂಜು. ಶುರು ಮಾಡುವ ಮೊದಲು ಒಂದು ನಿಯಮ ಮಾಡಿಕೊಂಡೆವು. ಇಬ್ಬರಲ್ಲಿ ಯಾರೇ 'ಮ್ಯಾಲ ಹೋಗು' ಅಂದರೂ ಇನ್ನೊಬ್ಬರು ಯಾಕೆ ಅಂತ ಕೇಳಬಾರದು. ಮೊದಲು ಹೋಗಬೇಕು, ಆಮೇಲೆ ಮಾತು. ಮೊದಲ ಸಲ 700 ಅಡಿಯಲ್ಲಿ ಅಪ್ಪ ಅಂದರು, ನಾನು ಥ್ರಾಟಲ್ ಮುಂದಕ್ಕೆ ದೂಡಿದೆ. ವಿಮಾನ ಮೂಗೆತ್ತಿ ಮಂಜಿನೊಳಗೆ ಹೋಯಿತು. ಸುತ್ತು ಹೊಡೆದು ಬಂದೆ. ಈ ಸಲ ದೂರದಲ್ಲೇ ವೇಗ ಇಳಿಸಿದೆ, ಕಿರಣದ ಗೆರೆಗೆ 30 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಬಂದು ಸೇರಿದೆ. ಸಾವಿರ ಅಡಿ, ಎಲ್ಲ ಸ್ಥಿರ. 400, ಹಸಿರು 'ಲ್ಯಾಂಡ್'. 200, ನನ್ನ ಕೈ ಕಂಕುಳಲ್ಲಿ. ಪರದೆಯಲ್ಲಿ ಬಿಳಿ ಬಿಟ್ಟು ಏನೂ ಇಲ್ಲ. 40ಕ್ಕೆ 'ಫ್ಲೇರ್' ಅಂತ ಬಂತು, ಮೂಗು ನಿಧಾನ ಎದ್ದಿತು. 10 ಅಡಿಗೆ 'ರಿಟಾರ್ಡ್' ಅಂತ ವಿಮಾನವೇ ಕೂಗಿತು, ಥ್ರಾಟಲ್ ಹಿಂದಕ್ಕೆ ಎಳೆದೆ. ಮಂಜಿನೊಳಗಿಂದ ರನ್‌ವೇಯ ನಡುವಿನ ದೀಪಗಳು ಒಂದೊಂದಾಗಿ ಬಂದು ಕೆಳಗೆ ಹಾದು ಹೋದವು. ವಿಮಾನ ನಡುಗೆರೆಯ ಮೇಲೇ ಓಡಿ ನಿಂತಿತು.

"ಅವ್ವಾ, ಇಳೀತು!" ಅಂತ ಕೂಗಿದೆ. "ಹಂಗಾದ್ರ ಉಣ್ಣಾಕ ಬರ್ರಿ" ಅಂದಳು ಅಡುಗೆಮನೆಯಿಂದ.

ಇದಾಗಿ ನಾಲ್ಕು ದಿನಕ್ಕೆ ಅಪ್ಪ ಸಂಜೆ ಬೈಕಿನ ಚಾವಿ ತೆಗೆದುಕೊಂಡರು. ಮೋಡ ಮುಚ್ಚಿ ಬೇಗ ಕತ್ತಲಾಗಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಹೇಗೆ ಹೇಳುವುದು ಅಂತ ಎರಡು ವರ್ಷ ಯೋಚಿಸಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಅಪ್ಪಾ, ಮ್ಯಾಲ ಹೋಗ್ರಿ" ಅಂದೆ.

ಅಪ್ಪ ತಿರುಗಿ ನೋಡಿದರು. ಅರ್ಥವಾಯಿತು. ಸಿಟ್ಟು ಬಂದದ್ದೂ ಕಂಡಿತು.

"ಗಾಡಿ ಹಿಂದ ಸಾವಿರಾರು ಟನ್ ಇತ್ತು. ಬೈಕ್ ಮ್ಯಾಲ ನಾ ಒಬ್ಬನೇ ಅದೀನಿ."

"ಎದುರಿಗೆ ಬರೋರು ಇರ್ತಾರಲ್ರಿ. ಮನ್ಯಾಗ ನಾವು ಇರ್ತೀವಲ್ರಿ."

ಯಾಕೆ ಅಂತ ಕೇಳಬಾರದು ಅನ್ನುವುದು ನಿಯಮ. ಅಪ್ಪ ಕೇಳಲಿಲ್ಲ. ಚಾವಿಯನ್ನು ಗೂಟಕ್ಕೆ ಹಾಕಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಜೇಬಿನಲ್ಲೇ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಅವತ್ತು ಊಟ ಮಾಡುವಾಗಲೂ ಮಾತಾಡಲಿಲ್ಲ. ನಾನು ತಪ್ಪು ಮಾಡಿದೆನಾ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆ ಇಪ್ಪತ್ತೈದು ವರ್ಷದ ಹುಡುಗ ಎರಡನೇ ಸಲ ಹಳದಿ ಸರ್ ಅನ್ನುವಾಗ ಅವನ ಎದೆಯೂ ಹೀಗೇ ಹೊಡೆದುಕೊಂಡಿರಬೇಕು.

ಬೆಳಿಗ್ಗೆ ಎದ್ದು ನೋಡಿದರೆ ಚಾವಿ ನನ್ನ ಜಾಯ್‌ಸ್ಟಿಕ್ ಪಕ್ಕದಲ್ಲಿತ್ತು.

ಈಗ ಅಪ್ಪ ವಾಡಿಗೆ ರೈಲಿನಲ್ಲಿ ಹೋಗುತ್ತಾರೆ. ತಾವೇ ಗಾಡಿ ಹೊಡೆದ ಲೈನು. ಕಿಟಕಿ ಪಕ್ಕ ಕೂತು ಯಾವ ಸಿಗ್ನಲ್ ಎಲ್ಲಿದೆ ಅಂತ ಪಕ್ಕದವರಿಗೆ ಹೇಳುತ್ತಾರಂತೆ. ಹಗಲು ಊರೊಳಗೆ ಬೈಕ್ ಬೇಕು ಅಂತ ಆಗಾಗ ಜಗಳ ತೆಗೆಯುತ್ತಾರೆ, ಅದು ಇನ್ನೂ ಮುಗಿದಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಲು ಮಾತ್ರ ಒಪ್ಪಿದ್ದಾರೆ.

ರಾತ್ರಿ ಸೇಡಂ ಸ್ಟೇಷನ್ನಿಗೆ ಸ್ಕೂಟಿ ತಗೊಂಡು ನಾನೇ ಹೋಗುತ್ತೇನೆ. ಹಿಂದೆ ಕೂತು ಅಪ್ಪ ಶುರು ಮಾಡುತ್ತಾರೆ: "ಬಲಕ್ಕ ಲಾರಿ." ನಾನು "ಬಲಕ್ಕ ಲಾರಿ" ಅನ್ನುತ್ತೇನೆ. "ಮುಂದ ಹಂಪ್." "ಮುಂದ ಹಂಪ್." ಒಮ್ಮೊಮ್ಮೆ ಅವರು ಇಲ್ಲದ ನಾಯಿಯನ್ನೂ ಕರೆಯುತ್ತಾರೆ. ಆದರೂ ನಾನು ಬ್ರೇಕ್ ಹಿಡಿಯುತ್ತೇನೆ. ಯಾಕೆ ಅಂತ ಮನೆಗೆ ಬಂದ ಮೇಲೆ ಕೇಳುತ್ತೇನೆ.